ಊಟದೆಲೆಗೆ ಬಂದ ಹೊಸ ನೆಂಟರು

ಕಾಲೇಜಿನಲ್ಲಿ ಕನ್ನಡ ಪಾಠ ಹೇಳುವುದು ನನ್ನ ಕಸುಬು. ಎಂಬತ್ತು ಮಂದಿ ಹುಡುಗ ಹುಡುಗಿಯರನ್ನು ಮುಕ್ಕಾಲು ಗಂಟೆಯ ಕಾಲ ಹಳಗನ್ನಡದ ಮುಂದೆ ಕೂರಿಸಬಲ್ಲೆನೆಂಬ ಸಣ್ಣ ಜಂಬವೂ ನನಗೆ ಉಂಟು. ಆ ಜಂಬ ಮುರಿದದ್ದು ನಮ್ಮ ಮನೆಯ ಊಟದ ಹೊತ್ತಿನಲ್ಲಿ, ಏಳು ವರ್ಷದ ನನ್ನ ಮಗನ ಮುಂದೆ. ಅದೂ ಒಂದು ಉಂಡೆ ರಾಗಿಮುದ್ದೆಯ ದೆಸೆಯಿಂದ.

ಕಳೆದ ವರ್ಷದ ಒಂದು ಭಾನುವಾರ. ಆ ವಾರವೆಲ್ಲ ರಾಗಿಯ ಗುಣಗಳನ್ನು ಕುರಿತು ಓದಿದ್ದೆ. ನೂರು ಗ್ರಾಂ ರಾಗಿಯಲ್ಲಿ ೩೪೦ ಮಿಲಿಗ್ರಾಮಿಗೂ ಮಿಕ್ಕಿ ಸುಣ್ಣದ ಅಂಶವಿದೆಯೆಂದೂ, ಬೆಳ್ಳಗೆ ಪಾಲಿಷು ಮಾಡಿದ ಅಕ್ಕಿಯಲ್ಲಿ ಅದು ಹತ್ತರ ಆಸುಪಾಸಿನಲ್ಲೇ ನಿಂತುಬಿಡುತ್ತದೆಯೆಂದೂ ತಿಳಿದ ಮೇಲೆ, ಬೆಳೆಯುವ ಹುಡುಗನಿಗೆ ಮೂರು ಹೊತ್ತೂ ಅನ್ನವನ್ನೇ ಬಡಿಸುತ್ತಿರುವುದು ದೊಡ್ಡ ಅಪರಾಧವೆಂದು ನನಗೆ ತೋರಿತು. ನನ್ನಾಕೆಗೆ ಹೇಳಿ ಮುದ್ದೆ ಮಾಡಿಸಿದೆ. ಜೊತೆಗೆ ಸೊಪ್ಪಿನ ಸಾರು. ಹುಡುಗ ತಟ್ಟೆಯನ್ನು ನೋಡಿ, "ಇದೇನಪ್ಪ, ಕಲ್ಲಿದ್ದಂಗಿದೆ" ಎಂದ. ತಿನ್ನು ಎಂದೆ, ಒಲ್ಲೆನೆಂದ. ರಾಗಿಯ ಗುಣಗಳನ್ನು ವಿವರಿಸಿದೆ, ಕಿವಿಗೆ ಹಾಕಿಕೊಳ್ಳಲಿಲ್ಲ. ತಿಂದರೆ ಸಂಜೆ ಐಸ್‌ಕ್ರೀಂ ಕೊಡಿಸುವೆನೆಂದೆ. ಕಣ್ಣು ಸ್ವಲ್ಪ ಹೊಳೆಯಿತು, ಬಾಯಿ ತೆರೆಯಲಿಲ್ಲ. ಕೊನೆಗೆ "ಇದನ್ನು ಮುಗಿಸದೆ ಏಳಕೂಡದು" ಎಂದು ಗದರಿಸಿದೆ. ಮುಕ್ಕಾಲು ಗಂಟೆ ಹಾಗೆಯೇ ಕೂತಿದ್ದ. ಆಮೇಲೆ ಕಣ್ಣು ಮುಚ್ಚಿಕೊಂಡು ಒಂದು ತುತ್ತು ನುಂಗಿದ. ನುಂಗಿದ್ದು ಒಳಗೆ ಉಳಿಯಲಿಲ್ಲ, ತಟ್ಟೆಯಲ್ಲೇ ಕಕ್ಕಿಬಿಟ್ಟ. ಬಾಯಿ ಒರೆಸಿಕೊಳ್ಳುತ್ತ ಅವನು ಕೇಳಿದ ಮಾತು ಮಾತ್ರ ನನ್ನನ್ನು ಇಂದಿಗೂ ಬಿಟ್ಟಿಲ್ಲ: "ನೀನೂ ಎರಡೇ ತುತ್ತು ತಿಂದು ಅನ್ನ ಹಾಕಿಸ್ಕೊಂಡೆಯಲ್ಲಪ್ಪ?"

ಅವನು ಹೇಳಿದ್ದು ನಿಜವಾಗಿತ್ತು.

ರಾತ್ರಿ ಅಮ್ಮ ನನ್ನ ಹತ್ತಿರ ಬಂದು ಕುಳಿತಳು. ಬೈಯಲಿಲ್ಲ. "ಬೀಟ್‌ರೂಟ್ ಪಲ್ಯ ಮಾಡಿದ ದಿನ ನೀನು ಹಿತ್ತಲಲ್ಲಿ ಬಚ್ಚಿಟ್ಕೊಳ್ತಿದ್ದೆ, ನೆನಪಿದೆಯೇನೋ?" ಎಂದಳು. ಸ್ವಲ್ಪ ಹೊತ್ತು ಬಿಟ್ಟು, "ನಿಮ್ಮಜ್ಜಿಯಂತೂ ಟೊಮೇಟೋನ ಸಾಯೋವರೆಗೂ ಒಳಕ್ಕೆ ಸೇರಿಸಲಿಲ್ಲ. ಅವರನ್ನ ಯಾರು ಗದರಿಸಿದರು?" ಎಂದು ಎದ್ದು ಹೋದಳು.

ಆ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ಉತ್ತರವಿಲ್ಲದಾಗ ಮೇಷ್ಟರಾದವರು ಮಾಡುವ ಕೆಲಸವನ್ನೇ ನಾನೂ ಮಾಡಿದೆ: ಕಪಾಟಿನಿಂದ ಪುಸ್ತಕ ತೆಗೆದೆ. ನಮ್ಮ ನಾಡಿನ ಜನ ಹೊಸ ತಿನಿಸುಗಳನ್ನು ಯಾವಾಗ, ಹೇಗೆ, ಎಷ್ಟು ಕಾಲ ತೆಗೆದುಕೊಂಡು ಒಪ್ಪಿಕೊಂಡರು ಎಂಬುದನ್ನು ಹುಡುಕತೊಡಗಿದೆ. ಒಂದು ಮಗು ತನ್ನ ತಟ್ಟೆಯ ಮುಂದೆ ಕೂತು ಮಾಡುವ ಹಠವನ್ನೇ ಒಂದು ಇಡೀ ಸಮಾಜ ಶತಮಾನಗಳ ಕಾಲ ಮಾಡಿದೆಯೆಂಬುದು ಆಗ ತಿಳಿಯಿತು. ಆ ಹಠ ಕರಗಿದ ಬಗೆಯೂ ತಿಳಿಯಿತು.

ಮೊದಲು ತೆರೆದದ್ದು ಮೂರನೆಯ ಮಂಗರಸನ 'ಸೂಪಶಾಸ್ತ್ರ'. ಹುಣಸೂರಿನ ಬಳಿಯ ಕಲ್ಲಹಳ್ಳಿಯ ಈ ಜೈನ ಕವಿ ಹದಿನಾರನೆಯ ಶತಮಾನದ ಆರಂಭದಲ್ಲಿ ಅಡಿಗೆಯನ್ನೇ ಕಾವ್ಯದ ವಸ್ತುವಾಗಿ ಮಾಡಿಕೊಂಡವನು. ಹಿಟ್ಟಿನ ಭಕ್ಷ್ಯಗಳು, ಪಾನಕಗಳು, ಅನ್ನದ ಬಗೆಗಳು, ಬದನೆಕಾಯಿ, ಬಾಳೆಕಾಯಿ, ಹಲಸು, ಬಿದಿರ ಕಳಲೆ, ನೆಲ್ಲಿಕಾಯಿ—ಓದುತ್ತ ಹೋದರೆ ಬಾಯಲ್ಲಿ ನೀರೂರುತ್ತದೆ. ಆದರೆ ಈ ಸಮೃದ್ಧಿಯ ನಡುವೆ ಮೆಣಸಿನಕಾಯಿ ಇಲ್ಲ. ಆಲೂಗಡ್ಡೆ ಇಲ್ಲ. ಟೊಮೇಟೊ ಇಲ್ಲ. ಹುರುಳಿಕಾಯಿ, ಎಲೆಕೋಸು, ಸೀಮೆಬದನೆ ಇಲ್ಲ. ಇರುವುದಾದರೂ ಹೇಗೆ? ವಾಸ್ಕೋ ಡ ಗಾಮ ಕಲ್ಲಿಕೋಟೆಗೆ ಬಂದದ್ದು ೧೪೯೮ರಲ್ಲಿ. ಪೋರ್ಚುಗೀಸರು ಗೋವೆಯನ್ನು ಹಿಡಿದದ್ದು ೧೫೧೦ರಲ್ಲಿ. ಮಂಗರಸನು ಪದ್ಯ ಕಟ್ಟುತ್ತಿದ್ದ ಕಾಲದಲ್ಲಿ ನಮ್ಮ ಇಂದಿನ ಅಡಿಗೆಮನೆಯ ಅರ್ಧದಷ್ಟು ಸಾಮಾನು ಇನ್ನೂ ಕಡಲಿನ ಆಚೆ ಇತ್ತು.

ಅದಕ್ಕೂ ಹಿಂದೆ ಹೋದರೆ, ಕಲ್ಯಾಣ ಚಾಲುಕ್ಯರ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ಬರೆಸಿದ 'ಮಾನಸೋಲ್ಲಾಸ'ದಲ್ಲಿ ಅರಸನ ಊಟದ ವರ್ಣನೆ ಇದೆ. ಅಲ್ಲಿ 'ಇಡ್ಡರಿಕೆ' ಎಂಬ ತಿಂಡಿ ಬರುತ್ತದೆ, ಇಡ್ಲಿಯ ಪೂರ್ವಜ. ಆದರೆ ಅದು ಬರಿಯ ಉದ್ದಿನ ಹಿಟ್ಟಿನದು. ಅಕ್ಕಿ ಬೆರೆಸಿದ ಮಾತು ಅಲ್ಲಿಲ್ಲ. ಇದು ಕೊಳ್ಳೇಗಾಲದಲ್ಲಿ ಹುಟ್ಟಿದ ಆಹಾರ ಇತಿಹಾಸಕಾರ ಕೆ. ಟಿ. ಅಚಯ ಅವರು ಎತ್ತಿ ತೋರಿಸಿದ ಸಂಗತಿ. ನಾವು ಅನಾದಿಯೆಂದು ತಿಳಿದ ಇಡ್ಲಿಯೂ ಹೀಗೆ ದಾರಿಯಲ್ಲಿ ವೇಷ ಬದಲಿಸಿಕೊಂಡು ಬಂದದ್ದೇ.

ಹೊಸದಾಗಿ ಬಂದ ನೆಂಟರನ್ನು ನಮ್ಮವರು ಹೇಗೆ ಬರಮಾಡಿಕೊಂಡರು? ಭಾಷೆಯ ಮೇಷ್ಟರಾದ ನನಗೆ ಇದರ ಮೊದಲ ಸಾಕ್ಷಿ ಸಿಕ್ಕಿದ್ದು ಹೆಸರುಗಳಲ್ಲಿ. ಹಳೆಯ ಕನ್ನಡಿಗನಿಗೆ ಖಾರವೆಂದರೆ ಮೆಣಸು, ಅಂದರೆ ಕರಿಮೆಣಸು. ಅಮೆರಿಕದಿಂದ ಬಂದ ಕೆಂಪು ಕಾಯಿಯೂ ಖಾರವಾಗಿತ್ತು. ಅದನ್ನು 'ಮೆಣಸಿನ ಕಾಯಿ' ಎಂದು ಕರೆದು ಹಳೆಯ ನೆಂಟನ ಮನೆತನಕ್ಕೇ ಸೇರಿಸಿಬಿಟ್ಟರು. ಕಡಲಾಚೆಯದೆಂದು ಗುರುತಿಟ್ಟುಕೊಳ್ಳಬೇಕೆನಿಸಿದಾಗ 'ಸೀಮೆ' ಎಂಬ ಮಾತನ್ನು ಮುಂದೆ ಹಚ್ಚಿದರು: ಸೀಮೆಬದನೆ, ಸೀಮೆಹುಣಸೆ. ಫಿರಂಗಿಯವರ ಹಣ್ಣು ಪರಂಗಿ ಹಣ್ಣಾಯಿತು. ಪೋರ್ಚುಗೀಸರ ಮಾತನ್ನೇ ಉಳಿಸಿಕೊಂಡು ಬಟಾಟೆ, ಅನಾನಸು, ಪೇರಲೆ ಎಂದವರೂ ಉಂಟು. ಮೆಕ್ಕೆಜೋಳಕ್ಕೆ ಧಾರವಾಡದ ಕಡೆ ಗೋವಿನಜೋಳವೆಂದು ಹೆಸರು. ಗೋವೆಯ ದಾರಿಯಿಂದ ಬಂದುದರಿಂದ ಹಾಗಾಯಿತೆಂದು ಊಹಿಸುವವರಿದ್ದಾರೆ. 'ನೂಲ್‌ಕೋಲ್' ಎಂದು ನಾಲಗೆಗೆ ತೊಡರುವ ಹೆಸರೇ ನಮ್ಮ ಹೆಂಗಸರ ಬಾಯಲ್ಲಿ ನವಿಲುಕೋಸಾಗಿರಬೇಕೆಂದು ನನಗೆ ತೋರುತ್ತದೆ. ಹೆಸರಿಡುವುದೆಂದರೆ ಗುರುತು ಮಾಡಿಕೊಳ್ಳುವುದು. ಗುರುತಿಲ್ಲದ ವಸ್ತುವನ್ನು ಯಾವ ಮಗುವೂ ಬಾಯಿಗೆ ಇಟ್ಟುಕೊಳ್ಳುವುದಿಲ್ಲ, ಯಾವ ಸಮಾಜವೂ ಅಷ್ಟೆ.

ಮೆಣಸಿನಕಾಯಿಯ ಕಥೆಯನ್ನು ಸ್ವಲ್ಪ ನಿಂತು ನೋಡಬೇಕು. ಇಂದು ಬ್ಯಾಡಗಿಯ ಮೆಣಸಿನಕಾಯಿ ಇಲ್ಲದೆ ನಮ್ಮ ಹುಳಿಪುಡಿಗೆ ಬಣ್ಣವೇ ಇಲ್ಲ. ಆದರೆ ಇದು ನಾಲಗೆಯನ್ನು ಸುಡುವ ಪದಾರ್ಥ. ಹುಟ್ಟಿನಿಂದ ಇದನ್ನು ಬಯಸುವ ಮಗು ಎಲ್ಲಿಯೂ ಇಲ್ಲ. ಹಾಗಾದರೆ ಇದರ ಮೇಲಿನ ಆಸೆ ಮಕ್ಕಳಿಗೆ ಎಲ್ಲಿಂದ ಬರುತ್ತದೆ? ಪಾಲ್ ರೋಜಿನ್ ಎಂಬ ಮನಶ್ಶಾಸ್ತ್ರಜ್ಞರು ಮೆಣಸಿನಕಾಯಿಯ ತವರಾದ ಮೆಕ್ಸಿಕೋ ದೇಶದ ಒಂದು ಬೆಟ್ಟದ ಹಳ್ಳಿಯಲ್ಲಿ ಇದನ್ನು ಪರೀಕ್ಷಿಸಿ ೧೯೮೦ರಲ್ಲಿ ಪ್ರಕಟಿಸಿದರು. ಅಲ್ಲಿ ಯಾರೂ ಮಕ್ಕಳನ್ನು ಬಲವಂತಪಡಿಸುವುದಿಲ್ಲ, ಲಂಚವನ್ನೂ ಕೊಡುವುದಿಲ್ಲ. ಚಿಕ್ಕಂದಿನಲ್ಲಿ ತುಸುತುಸುವೇ ರುಚಿ ತೋರಿಸುತ್ತಾರೆ, ಬೇಡವೆಂದರೆ ಬಿಡುತ್ತಾರೆ. ದಿನವೂ ತಂದೆ ತಾಯಿ, ಅಣ್ಣ ಅಕ್ಕಂದಿರು ಸವಿದು ತಿನ್ನುವುದನ್ನು ಮಗು ನೋಡುತ್ತಿರುತ್ತದೆ. ಐದಾರು ವರ್ಷದ ಹೊತ್ತಿಗೆ ಅದು ತಾನಾಗಿಯೇ ಕೈ ಚಾಚುತ್ತದೆ. ಅದೇ ಮನೆಯ ಎಂಜಲು ತಿಂದು ಬೆಳೆದ ನಾಯಿ ಹಂದಿಗಳಿಗೆ ಮಾತ್ರ ಮೆಣಸಿನಕಾಯಿಯ ಮೇಲೆ ಪ್ರೀತಿ ಹುಟ್ಟಿರಲಿಲ್ಲ. ಬರಿಯ ಅಭ್ಯಾಸ ಸಾಲದು, ಹಿರಿಯರ ಜೊತೆ ಕೂತು ಉಣ್ಣುವ ಸಂಬಂಧವೂ ಬೇಕು ಎಂಬುದು ಇದರಿಂದ ಹೊಳೆಯುತ್ತದೆ. ನಮ್ಮ ಅಜ್ಜಿಯರು ಕೂಸಿಗೆ ಸಾರಿನ ತಿಳಿಯನ್ನು ಅನ್ನಕ್ಕೆ ಕಲಸಿ ತುಪ್ಪ ಹಾಕಿ ತಿನ್ನಿಸುತ್ತಿದ್ದುದು, ವರ್ಷ ಕಳೆದಂತೆ ತಿಳಿ ಹೋಗಿ ಗಸಿ ಬರುತ್ತಿದ್ದುದು ಇದೇ ದಾರಿಯಲ್ಲಲ್ಲವೆ?

ಇನ್ನು ಬೆಂಗಳೂರಿನ ತರಕಾರಿಗಳ ವಿಚಾರ. ೧೮೦೯ರಲ್ಲಿ ಇಲ್ಲಿ ದಂಡು ಪ್ರದೇಶ ನೆಲೆಯಾದ ಮೇಲೆ ಬಿಳಿಯ ಸಿಪಾಯಿಗಳ ಊಟಕ್ಕೆ ಅವರ ನಾಡಿನ ಕಾಯಿಪಲ್ಯಗಳು ಬೇಕಾದುವು. ಬೆಂಗಳೂರಿನ ತಂಪು ಹವೆ ಅವುಗಳಿಗೆ ಒಗ್ಗಿತು. ೧೮೫೬ರಲ್ಲಿ ಲಾಲ್‌ಬಾಗು ಸರಕಾರದ ಸಸ್ಯೋದ್ಯಾನವಾಯಿತು. ೧೮೭೪ರಿಂದ ಅದರ ಮೇಲ್ವಿಚಾರಕರಾಗಿದ್ದ ಜಾನ್ ಕ್ಯಾಮರನ್, ೧೯೦೮ರಲ್ಲಿ ಅವರ ನಂತರ ಬಂದ ಜರ್ಮನ್ ದೇಶದ ಕ್ರುಂಬಿಗಲ್, ಇಬ್ಬರೂ ದೇಶದೇಶಗಳ ಗಿಡಗಳನ್ನು ತರಿಸಿ ಬೆಳೆಸಿ ಹರಡಿದರು. ಸೀಮೆಬದನೆ ಕ್ಯಾಮರನ್ ಅವರ ಕಾಲದಲ್ಲಿ ಬಂದದ್ದೆಂದು ಹೇಳುತ್ತಾರೆ. ಅದು ಇಲ್ಲಿ ಎಷ್ಟು ಬೇರೂರಿತೆಂದರೆ ನೆರೆಯ ತಮಿಳರು ಅದನ್ನು 'ಬೆಂಗಳೂರು ಕತ್ತರಿಕಾಯಿ' ಎಂದೇ ಕರೆಯುತ್ತಾರೆ! ಮೆಕ್ಸಿಕೋದ ಕಾಯಿಗೆ ಬೆಂಗಳೂರಿನ ಹೆಸರು ಬಂತು.

ನಮ್ಮ ಪೇಟೆಗಳಲ್ಲಿ ಇವಕ್ಕೆಲ್ಲ 'ಇಂಗ್ಲಿಷ್ ತರಕಾರಿ' ಎಂದು ಹೆಸರಿತ್ತು; ಹಳೆಯ ಅಂಗಡಿಯವರು ಈಗಲೂ ಹಾಗೆನ್ನುವುದುಂಟು. ಇಂಗ್ಲಿಷಿನವರು ಇವನ್ನು ನೀರಲ್ಲಿ ಬೇಯಿಸಿ ಉಪ್ಪು ಬೆಣ್ಣೆ ಹಾಕಿ ತಿನ್ನುತ್ತಿದ್ದರು. ಅದೇ ರೂಪದಲ್ಲಿ ನಮ್ಮವರ ಮುಂದೆ ಇಟ್ಟಿದ್ದರೆ ನನ್ನ ಮಗನಂತೆಯೇ ಮುಖ ತಿರುಗಿಸುತ್ತಿದ್ದರೋ ಏನೋ. ಆದರೆ ನಮ್ಮ ಹೆಂಗಸರು ಎಲೆಕೋಸಿಗೆ ಕಡಲೆಬೇಳೆಯ ಒಗ್ಗರಣೆ ಕೊಟ್ಟರು, ಕಾಯಿತುರಿ ಉದುರಿಸಿದರು; ಅದು ಪಲ್ಯವಾಯಿತು. ನವಿಲುಕೋಸನ್ನು ಹುಳಿಗೆ ಹಾಕಿದರು. ಹುರುಳಿಕಾಯಿ, ಕ್ಯಾರೆಟ್ಟುಗಳನ್ನು ಬಿಸಿಬೇಳೆಬಾತಿನಲ್ಲಿ ಸೇರಿಸಿದರು. ಆಲೂಗಡ್ಡೆಯನ್ನು ದೋಸೆಯ ಮಡಿಲಿಗೆ ಹಾಕಿದರು. ಹೊಸ ಕಾಯಿ, ಹಳೆಯ ಒಗ್ಗರಣೆ, ಇದೇ ಒಪ್ಪಂದ. ಹೊಸ ನೆಂಟನನ್ನು ಪರಿಚಯದವರ ಪಕ್ಕದಲ್ಲಿ ಕೂರಿಸುವ ಜಾಣತನ ಇದು.

ಎಲ್ಲರೂ ಒಪ್ಪಿದರೆಂದಲ್ಲ. ನಮ್ಮ ಮನೆಯಲ್ಲಿ ವರ್ಷಕ್ಕೊಮ್ಮೆ ತಾತನ ಶ್ರಾದ್ಧ ನಡೆಯುತ್ತದೆ. ಆ ದಿನದ ಅಡಿಗೆಯಲ್ಲಿ ಮೆಣಸಿನಕಾಯಿಗೆ ಪ್ರವೇಶವಿಲ್ಲ, ಖಾರವೆಲ್ಲ ಕರಿಮೆಣಸಿನದು. ಆಲೂಗಡ್ಡೆ, ಟೊಮೇಟೊ, ಕೋಸು, ಕ್ಯಾರೆಟ್ಟು ಯಾವುದೂ ಒಲೆಯ ಹತ್ತಿರ ಸುಳಿಯುವಂತಿಲ್ಲ. ಬಾಳೆಕಾಯಿ, ಹಾಗಲಕಾಯಿ, ಪಡವಲಕಾಯಿ, ಸುವರ್ಣಗಡ್ಡೆಗಳಿಗೇ ಮರ್ಯಾದೆ. ನಾನು ಹುಡುಗನಾಗಿದ್ದಾಗ ಇದನ್ನು ಬರಿಯ ಮಡಿಯೆಂದು ತಿಳಿದಿದ್ದೆ. ಈಗ ನೋಡಿದರೆ ಅದೊಂದು ವಸ್ತುಸಂಗ್ರಹಾಲಯ. ಹಡಗುಗಳು ಬರುವುದಕ್ಕೆ ಮುಂಚಿನ ಕನ್ನಡಿಗನ ಊಟ ಆ ಒಂದು ಎಲೆಯ ಮೇಲೆ ಉಳಿದಿದೆ. ಪಿತೃಗಳು ಬದುಕಿದ್ದಾಗ ಏನನ್ನು ಉಣ್ಣುತ್ತಿದ್ದರೋ ಅದನ್ನೇ ಬಡಿಸಬೇಕು, ಗುರುತಿಲ್ಲದುದನ್ನು ಬಡಿಸಿದರೆ ಅವರು ಎಲೆ ಬಿಟ್ಟು ಎದ್ದಾರೆಂಬ ಭಯ. ಅಜ್ಜಿಗೆ ಟೊಮೇಟೊ ಕಂಡರೆ ಆಗುತ್ತಿರಲಿಲ್ಲ. ಅದರ ಕೆಂಪು ರಸ ರಕ್ತದ ಹಾಗೆ ಕಾಣುತ್ತದೆನ್ನುತ್ತಿದ್ದಳು. ನನ್ನ ಮಗನಿಗೆ ಮುದ್ದೆ ಕಲ್ಲಿನ ಹಾಗೆ ಕಂಡಿತು. ಇಬ್ಬರ ನಡುವೆ ಎಷ್ಟು ವ್ಯತ್ಯಾಸ?

ಇಪ್ಪತ್ತನೆಯ ಶತಮಾನದ ಎರಡು ಪ್ರಸಂಗಗಳನ್ನು ಇಲ್ಲಿ ಒಂದರ ಪಕ್ಕದಲ್ಲಿ ಒಂದನ್ನಿಟ್ಟು ನೋಡುವುದು ಒಳ್ಳೆಯದು. ೧೯೪೨ರಲ್ಲಿ ಜಪಾನೀಯರು ಬರ್ಮಾ ದೇಶವನ್ನು ಹಿಡಿದುದರಿಂದ ಅಲ್ಲಿನ ಅಕ್ಕಿ ನಮ್ಮ ಕಡೆಗೆ ಬರುವುದು ನಿಂತಿತು. ಅಕ್ಕಿ ಸಿಕ್ಕದ ಆ ದಿನಗಳಲ್ಲಿ ಬೆಂಗಳೂರಿನ ಮಾವಳ್ಳಿ ಟಿಫಿನ್ ರೂಮ್ಸಿನವರು ಗೋಧಿಯ ರವೆಯಲ್ಲಿ ಇಡ್ಲಿ ಮಾಡಿ ನೋಡಿದರೆಂದೂ ರವೆ ಇಡ್ಲಿ ಹುಟ್ಟಿದ್ದು ಹಾಗೆಂದೂ ಆ ಸಂಸ್ಥೆಯವರು ಹೇಳಿಕೊಂಡು ಬಂದಿದ್ದಾರೆ. ಯುದ್ಧ ಮುಗಿಯಿತು, ಅಕ್ಕಿ ಮರಳಿ ಬಂತು, ರವೆ ಇಡ್ಲಿ ಮಾತ್ರ ಹೋಗಲಿಲ್ಲ.

ಎರಡನೆಯದು ಮೈಸೂರಿನದು. ೧೯೫೦ರಲ್ಲಿ ಚೆಲುವಾಂಬ ವಿಲಾಸದ ಅರಮನೆಯಲ್ಲಿ ಕೇಂದ್ರ ಆಹಾರ ತಂತ್ರಜ್ಞಾನ ಸಂಶೋಧನಾಲಯ ತೆರೆಯಿತು, ವಿ. ಸುಬ್ರಹ್ಮಣ್ಯನ್ ಅದರ ಮೊದಲ ನಿರ್ದೇಶಕರು. ದೇಶದ ಅಕ್ಕಿಯ ಕೊರತೆ ನೀಗಿಸಲು ಅಲ್ಲಿನ ವಿಜ್ಞಾನಿಗಳು ಮರಗೆಣಸು, ಕಡಲೆಕಾಯಿಯ ಹಿಟ್ಟು, ಗೋಧಿರವೆಗಳನ್ನು ಸೇರಿಸಿ ಅಕ್ಕಿಯಂತೆಯೇ ಕಾಣುವ ಕಾಳುಗಳನ್ನು ತಯಾರಿಸಿದರು. ಸತ್ತ್ವದಲ್ಲಿ ಅದು ಅಕ್ಕಿಗಿಂತ ಕಡಮೆಯದಾಗಿರಲಿಲ್ಲ. ಮಾಡಿದವರ ಉದ್ದೇಶವೂ ಪರೋಪಕಾರದ್ದೇ. ಆದರೂ ಅದು ಮನೆಯ ಅಡಿಗೆಯಲ್ಲಿ ನೆಲೆ ನಿಲ್ಲಲಿಲ್ಲ. ರವೆ ಇಡ್ಲಿ ತಾನು ರವೆಯೆಂದು ಹೇಳಿಕೊಂಡೇ ತಟ್ಟೆಗೆ ಬಂತು. ಈ ಕಾಳು ಅಕ್ಕಿಯ ವೇಷ ಹಾಕಿಕೊಂಡು ಬಂತು. ನಾಲಗೆಯನ್ನು ವೇಷದಿಂದ ಮೋಸಗೊಳಿಸುವುದು ಸುಲಭವಲ್ಲ. ಮಕ್ಕಳಿಗೆ ತಿಳಿಯದಂತೆ ಹಿಟ್ಟಿನಲ್ಲಿ ಸೊಪ್ಪು ಬಚ್ಚಿಡುವ ತಾಯಂದಿರು ಇದನ್ನು ನೆನಪಿಡಬೇಕು. ಒಂದು ದಿನ ಗುಟ್ಟು ಹೊರಬಿದ್ದರೆ ಸೊಪ್ಪೂ ಕೆಡುತ್ತದೆ, ರೊಟ್ಟಿಯೂ ಕೆಡುತ್ತದೆ.

ಅದೇ ಮರಗೆಣಸು ನೆರೆಯ ಕೇರಳದಲ್ಲಿ ತನ್ನ ನಿಜರೂಪದಲ್ಲೇ ಗೆದ್ದಿತು. ೧೮೮೦ರಿಂದ ೧೮೮೫ರವರೆಗೆ ತಿರುವಾಂಕೂರನ್ನು ಆಳಿದ ವಿಶಾಖಂ ತಿರುನಾಳ್ ಮಹಾರಾಜರು ಅದನ್ನು ಪ್ರಚಾರಕ್ಕೆ ತಂದರು. ಗೆಡ್ಡೆಯಲ್ಲಿ ವಿಷವಿದೆಯೆಂದು ಜನ ಹೆದರಿದಾಗ ಅರಮನೆಯಲ್ಲೇ ಬೇಯಿಸಿ ತಾವೇ ತಿಂದು ತೋರಿಸಿದರೆಂದು ಪ್ರತೀತಿ. ಅಪ್ಪಣೆ ಹೊರಡಿಸಬಲ್ಲ ಅರಸನೇ ಮೊದಲು ತನ್ನ ಎಲೆಗೆ ಬಡಿಸಿಕೊಂಡ. ಎರಡು ತುತ್ತಿಗೆ ಅನ್ನ ಹಾಕಿಸಿಕೊಂಡ ನನಗೆ ಈ ಕಥೆ ಓದಿ ನಾಚಿಕೆಯಾಯಿತು.

ನಮ್ಮ ತಂದೆಯವರಿಗೂ ಇಂಥದೊಂದು ನೆನಪು ಉಂಟು. ೧೯೬೦ರ ದಶಕದಲ್ಲಿ ತುಮಕೂರು ಜಿಲ್ಲೆಯ ಹಳ್ಳಿಯ ಶಾಲೆಯಲ್ಲಿ ಅವರು ಓದುತ್ತಿದ್ದಾಗ, 'ಕೇರ್' ಎಂಬ ಸಂಸ್ಥೆಯ ಮೂಲಕ ಅಮೆರಿಕದಿಂದ ಬಂದ ಹಾಲಿನ ಪುಡಿಯನ್ನೂ ಮೆಕ್ಕೆಜೋಳದ ಹಳದಿ ರವೆಯನ್ನೂ ಮಕ್ಕಳಿಗೆ ಕೊಡುತ್ತಿದ್ದರು. ಪುಡಿಯ ಹಾಲಿನ ವಾಸನೆಯನ್ನು ಹಲವರು ಸಹಿಸಲಿಲ್ಲವಂತೆ. ಆದರೆ ಹಳದಿ ರವೆಗೆ ಸಾಸಿವೆಯ ಒಗ್ಗರಣೆ ಬಿದ್ದು ಉಪ್ಪಿಟ್ಟಾದಾಗ ಸಾಲಿನಲ್ಲಿ ನೂಕಾಟ! ಊರಿನಲ್ಲಿ ಒಟ್ಟಿಗೆ ಕೂತು ಉಣ್ಣದ ಮನೆಗಳ ಮಕ್ಕಳು ಅಲ್ಲಿ ಒಂದೇ ಸಾಲಿನಲ್ಲಿ ಮುತ್ತುಗದ ಎಲೆ ಹಿಡಿದು ಕೂತಿರುತ್ತಿದ್ದರು. ಎಪ್ಪತ್ತು ದಾಟಿದ ತಂದೆಯವರು ಈಗಲೂ, "ಆ ರುಚಿ ಮತ್ತೆ ಸಿಗಲಿಲ್ಲ" ಎನ್ನುತ್ತಾರೆ. ಪರದೇಶದ ದವಸ, ನಮ್ಮೂರ ಒಗ್ಗರಣೆ, ಪಕ್ಕದಲ್ಲಿ ಗೆಳೆಯ—ಈ ಮೂರೂ ಕೂಡಿ ಬಂದಿದ್ದುವು. ೨೦೦೨ರಲ್ಲಿ ರಾಜ್ಯದ ಏಳು ಜಿಲ್ಲೆಗಳಲ್ಲಿ ಆರಂಭವಾದ 'ಅಕ್ಷರ ದಾಸೋಹ' ಇಂದು ಎಲ್ಲೆಡೆಯೂ ನಡೆಯುತ್ತಿದೆ. ಮನೆಯಲ್ಲಿ ಸಾರಿನಿಂದ ಕ್ಯಾರೆಟ್ಟನ್ನು ಆರಿಸಿ ಹೊರಗಿಡುವ ಮಗುವೇ ಶಾಲೆಯಲ್ಲಿ ಗೆಳೆಯರ ನಡುವೆ ಅದನ್ನು ಸದ್ದಿಲ್ಲದೆ ತಿನ್ನುತ್ತದೆಂದು ಪ್ರಾಥಮಿಕ ಶಾಲೆಯ ಉಪಾಧ್ಯಾಯರಾದ ನನ್ನ ಸ್ನೇಹಿತರು ಹೇಳುತ್ತಾರೆ.

ಇದನ್ನು ಶಾಸ್ತ್ರೀಯವಾಗಿ ಪರೀಕ್ಷಿಸಿದವರೂ ಇದ್ದಾರೆ. ಅಮೆರಿಕದ ಲೀಯಾನ್ ಬರ್ಚ್ ಎಂಬ ವಿದುಷಿ ತಮ್ಮ ಆಯುಷ್ಯದ ಬಹುಭಾಗವನ್ನು ಮಕ್ಕಳ ಊಟದ ಅಧ್ಯಯನದಲ್ಲಿಯೇ ಕಳೆದರು. ಒಂದು ತರಕಾರಿಯನ್ನು ಒಲ್ಲದ ಮಗುವನ್ನು, ಅದನ್ನು ಇಷ್ಟಪಡುವ ಮೂರು ನಾಲ್ಕು ಮಕ್ಕಳ ಜೊತೆ ಊಟಕ್ಕೆ ಕೂರಿಸಿದರು. ನಾಲ್ಕು ದಿನದಲ್ಲಿ ಮಗುವಿನ ಆಯ್ಕೆಯೇ ಬದಲಾಯಿತು. ಇದು ೧೯೮೦ರ ಮಾತು. ೧೯೮೨ರಲ್ಲಿ ಎರಡು ವರ್ಷದ ಕೂಸುಗಳಿಗೆ ಹೊಸ ತಿನಿಸುಗಳನ್ನು ಕೆಲವನ್ನು ಎರಡು ಸಲ, ಕೆಲವನ್ನು ಐದು, ಹತ್ತು, ಹದಿನೈದು, ಇಪ್ಪತ್ತು ಸಲ ರುಚಿ ತೋರಿಸಿದರು. ಸಲ ಹೆಚ್ಚಿದಷ್ಟೂ ಇಷ್ಟ ಹೆಚ್ಚಿತು. ಬರಿಯ ಕಣ್ಣಿಗೆ ತೋರಿಸಿದರೆ ಸಾಲದು, ನಾಲಗೆಗೆ ತಾಗಬೇಕೆಂಬುದೂ ಮುಂದೆ ತಿಳಿಯಿತು. ನನಗೆ ಚುಚ್ಚಿದ್ದು ೧೯೮೪ರ ಪರೀಕ್ಷೆ. ಒಂದು ಬಗೆಯ ಹಾಲಿನ ಪಾನೀಯವನ್ನು ಕುಡಿದರೆ ಬಹುಮಾನ ಕೊಡುವೆವೆಂದು ಮಕ್ಕಳಿಗೆ ಹೇಳಿದರು. ಬಹುಮಾನದ ಆಸೆಗೆ ಕುಡಿದ ಮಕ್ಕಳಿಗೆ ಆ ಪಾನೀಯದ ಮೇಲಿನ ಪ್ರೀತಿ ಮೊದಲಿಗಿಂತ ಕಡಮೆಯಾಯಿತು. ಕುಡಿಯುವುದಕ್ಕೆ ಲಂಚ ಕೊಡಬೇಕಾದರೆ ಅದು ಕೆಟ್ಟದ್ದೇ ಇರಬೇಕೆಂದು ಮಗು ತರ್ಕಿಸುತ್ತದೆ ಎಂದು ಕಾಣುತ್ತದೆ. ನನ್ನ ಐಸ್‌ಕ್ರೀಮಿನ ಉಪಾಯ ಮುದ್ದೆಯ ಮಾನವನ್ನು ತೆಗೆದಿತ್ತು.

ಇಷ್ಟಾದ ಮೇಲೆ ಉಳಿದದ್ದು ರಾಗಿಯ ಪ್ರಶ್ನೆ. ರಾಗಿ ಹೊಸ ತಿನಿಸೇ? ಸಸ್ಯಶಾಸ್ತ್ರಜ್ಞರನ್ನು ಕೇಳಿದರೆ ಅದರ ತವರು ಪೂರ್ವ ಆಫ್ರಿಕದ ಎತ್ತರದ ನೆಲ. ಸಾವಿರಾರು ವರ್ಷಗಳ ಹಿಂದೆ ಕಡಲು ದಾಟಿ ಬಂದದ್ದು. ಜೋಳವೂ ಆಫ್ರಿಕದ್ದೇ. ಆದರೆ ಹದಿನಾರನೆಯ ಶತಮಾನದ ಹೊತ್ತಿಗೆ ಅದು ಎಷ್ಟು ನಮ್ಮದಾಗಿತ್ತೆಂದರೆ ಕನಕದಾಸರು 'ರಾಮಧಾನ್ಯ ಚರಿತ್ರೆ'ಯಲ್ಲಿ ಅದನ್ನು ನಾಯಕನನ್ನಾಗಿಯೇ ಮಾಡಿದರು. ತಾವು ಮೇಲೆಂದು ಜಗಳವಾಡಿದ ಅಕ್ಕಿಯನ್ನೂ ರಾಗಿಯನ್ನೂ ರಾಮನು ಆರು ತಿಂಗಳು ಸೆರೆಯಲ್ಲಿಡುತ್ತಾನೆ. ಬಿಡಿಸಿದಾಗ ಅಕ್ಕಿ ಕಳೆಗು೦ದಿರುತ್ತದೆ, ನರೆದಲೆಗನೆಂಬ ರಾಗಿ ಇದ್ದ ಹಾಗೆಯೇ ಇರುತ್ತದೆ. ರಾಘವನ ಹೆಸರೇ ಅದಕ್ಕೆ ಸಲ್ಲುತ್ತದೆ. ಮಂಡ್ಯದ ವಿಶ್ವೇಶ್ವರಯ್ಯ ಕೆನಾಲ್ ಫಾರಂನಲ್ಲಿ ದುಡಿದ 'ರಾಗಿ ಲಕ್ಷ್ಮಣಯ್ಯ'ನವರು ನಮ್ಮ ರಾಗಿಗೂ ಆಫ್ರಿಕದ ರಾಗಿಗೂ ಕಸಿ ಕೂಡಿಸಿ 'ಇಂಡಾಫ್' ತಳಿಗಳನ್ನು ಕೊಟ್ಟಾಗ, ಹೊಲದಲ್ಲಿ ಇಳುವರಿ ಏರಿತು. ಬಹಳ ಹಿಂದೆ ಅಗಲಿದ ಬಂಧುಗಳು ಮತ್ತೆ ಕೂಡಿದ ಹಾಗಾಯಿತು.

ಹೊಲದಲ್ಲಿ ಏರಿದ ರಾಗಿ ಪಟ್ಟಣದ ತಟ್ಟೆಯಲ್ಲಿ ಮಾತ್ರ ಇಳಿಯುತ್ತ ಬಂತು. ಇದಕ್ಕೆ ನಾಲಗೆ ಕಾರಣವಲ್ಲ, ನಾಚಿಕೆ ಕಾರಣ. ಅಕ್ಕಿಯ ಅನ್ನ ಹಬ್ಬದ ಊಟ, ಉಳ್ಳವರ ಊಟ. ಮುದ್ದೆ ಗೇಯುವವರ ಊಟ. ಬುದ್ಧಿ ಮಂದವಾದವನನ್ನು 'ಮುದ್ದೆ' ಎಂದು ಬೈಯುವ ರೂಢಿಯೂ ಬಂತು. ಹೆಚ್ಚೇಕೆ, ನನ್ನದನ್ನೇ ಹೇಳುತ್ತೇನೆ. ಊರಿನಿಂದ ಪಟ್ಟಣದ ಹಾಸ್ಟೆಲಿಗೆ ಓದಲು ಬಂದಾಗ, ಮನೆಯಲ್ಲಿ ರಾತ್ರಿ ಏನು ಉಣ್ಣುತ್ತೀರಿ ಎಂದು ಜೊತೆಯವರು ಕೇಳಿದರೆ ಚಪಾತಿ ಎನ್ನುತ್ತಿದ್ದೆ. ಉಂಡದ್ದು ಮುದ್ದೆ, ಹೇಳಿದ್ದು ಚಪಾತಿ. ಆ ಸುಳ್ಳನ್ನು ಹೇಳುತ್ತ ಹೇಳುತ್ತ ಮುದ್ದೆಯೇ ನನ್ನಿಂದ ದೂರವಾಯಿತು. ಮದುವೆಯಾಗಿ ಪಟ್ಟಣದಲ್ಲಿ ಮನೆ ಮಾಡಿದ ಮೇಲೆ ನಮ್ಮ ಒಲೆಯ ಮೇಲೆ ಒಮ್ಮೆಯೂ ಮುದ್ದೆಯ ಎಸರು ಕುದಿಯಲಿಲ್ಲ. ವಿಶ್ವಸಂಸ್ಥೆ ೨೦೨೩ನೆಯ ಇಸವಿಯನ್ನು ಸಿರಿಧಾನ್ಯಗಳ ವರ್ಷವೆಂದು ಸಾರಿ, ಅಂಗಡಿಗಳಲ್ಲಿ ರಾಗಿ ಬಣ್ಣದ ಪೊಟ್ಟಣಗಳಲ್ಲಿ ಕುಳಿತ ಮೇಲೆ ನನಗೆ ಅದರ ನೆನಪಾಯಿತು. ಅಷ್ಟರಲ್ಲಿ ನನ್ನ ಮಗನಿಗೆ ರಾಗಿ, ನಮ್ಮಜ್ಜಿಗೆ ಟೊಮೇಟೊ ಇದ್ದಷ್ಟೇ ಪರಕೀಯವಾಗಿತ್ತು. ಹುಡುಗ ಮುದ್ದೆಯನ್ನು ಒಲ್ಲೆನೆಂದದ್ದು ತನ್ನ ನಾಲಗೆಯಿಂದಲ್ಲ; ಮೂವತ್ತು ವರ್ಷ ಹಿಂದೆ ಹಾಸ್ಟೆಲಿನಲ್ಲಿ ನಾನು ಹೇಳಿದ ಸುಳ್ಳಿನ ಬಡ್ಡಿಯನ್ನು ಅವನು ತೀರಿಸಿದ, ಅಷ್ಟೆ.

ಆ ಭಾನುವಾರದ ನಂತರ ಮನೆಯ ಆಡಳಿತವನ್ನು ಅಮ್ಮನಿಗೆ ಬಿಟ್ಟೆ. ಅವಳು ಹುಡುಗನಿಗೆ ಏನನ್ನೂ ಹೇಳಲಿಲ್ಲ. ತನ್ನ ತಟ್ಟೆಗೆ, ತಂದೆಯವರ ತಟ್ಟೆಗೆ, ನನ್ನ ತಟ್ಟೆಗೆ ವಾರಕ್ಕೆ ಮೂರು ಸಲ ಮುದ್ದೆ ಹಾಕತೊಡಗಿದಳು. ನಾನು ಈ ಸಲ ಅನ್ನ ಕೇಳಲಿಲ್ಲ. ಮೊದಮೊದಲು ಗಂಟಲಲ್ಲಿ ಇಳಿಯಲು ಕಷ್ಟವೇ ಆಯಿತೆಂದು ಒಪ್ಪಿಕೊಳ್ಳುತ್ತೇನೆ. ಸಂಜೆಯ ಹೊತ್ತು ರಾಗಿಯ ಹುರಿಹಿಟ್ಟಿಗೆ ಬೆಲ್ಲ ತುಪ್ಪ ಹಾಕಿ ಕಲಸಿ, "ನನಗೆ ಉಂಡೆ ಕಟ್ಟಿಕೊಡೋ ಕಂದ, ಕೈ ನೋವು" ಎಂದು ಮೊಮ್ಮಗನನ್ನು ಕರೆಯುತ್ತಿದ್ದಳು. ಕಟ್ಟಿದ ಕೈ ಬೆರಳು ನೆಕ್ಕದೆ ಇದ್ದೀತೆ? ಆಮೇಲೆ ಈರುಳ್ಳಿ, ಸಬ್ಬಸಿಗೆ ಸೊಪ್ಪು ಹಾಕಿದ ರಾಗಿರೊಟ್ಟಿ ಬಂತು. ಸೊಪ್ಪನ್ನು ಅವನೇ ಬಿಡಿಸಿಕೊಟ್ಟದ್ದು. ಎರಡು ತಿಂಗಳಾದ ಮೇಲೆ ಒಂದು ರಾತ್ರಿ ಅಜ್ಜಿಯ ತಟ್ಟೆಯಿಂದ ಚೂರು ಮುದ್ದೆ ಮುರಿದು, ಸಾರಿನಲ್ಲಿ ಅದ್ದಿ, "ಅಗೀಬಾರ್ದಾ ಅಜ್ಜಿ?" ಎಂದು ಕೇಳಿದ. "ನುಂಗಬೇಕು ಕಣೋ" ಎಂದಳು. ನುಂಗಿದ. ನಾವು ಯಾರೂ ಮಾತಾಡಲಿಲ್ಲ. ನನ್ನಾಕೆ ನನ್ನ ಕಡೆ ನೋಡಿ, ಸುಮ್ಮನಿರಿ ಎಂದು ಕಣ್ಣಿನಲ್ಲೇ ಹೇಳಿದಳು.

ಈಗ ಅವನು ನೆಲ್ಲಿಕಾಯಿ ಗಾತ್ರದ ಮುದ್ದೆಯೊಂದನ್ನು ತಾನೇ ಕೇಳಿ ಹಾಕಿಸಿಕೊಳ್ಳುತ್ತಾನೆ. ಕೆಲವು ದಿನ ಅದೂ ಬೇಡವೆನ್ನುತ್ತಾನೆ. ಬೇಡವೆಂದ ದಿನ ನಾನು ಏನೂ ಹೇಳುವುದಿಲ್ಲ. ಹಾಗಲಕಾಯಿಯ ಸಂಗತಿಯನ್ನಂತೂ ವಾಚಕರು ಕೇಳಬಾರದು. ಟೊಮೇಟೊ ನಮ್ಮ ಅಡಿಗೆಮನೆಯ ಹೊಸಿಲು ದಾಟುವುದಕ್ಕೆ ಅಜ್ಜಿಯ ಕಾಲ ಮುಗಿಯಬೇಕಾಯಿತು. ಹುಡುಗನಿಗೆ ಇನ್ನೂ ಎಂಟು ವರ್ಷ.